ರಾಸಾಯನಿಕ ಸಂವೇದಕಗಳನ್ನು ರೂಪಿಸುವ ಪ್ರಾಧ್ಯಾಪಕರು ವೃತ್ತಿಜೀವನವಿಡೀ ಮಾಡುವುದಾದರೂ ಏನು?

ಪ್ರಶ್ನೆ | ಕೇಳಿದವರು: ಒಂದು ಹನಿ ತಾಮ್ರ

ನಾನು ರಸಾಯನಶಾಸ್ತ್ರದ ಸ್ನಾತಕೋತ್ತರ ಪದವಿಯ ಕೊನೆಯ ಹಂತದಲ್ಲಿರುವ ವಿದ್ಯಾರ್ಥಿನಿ. ಕಿರು ಸಂಶೋಧನೆಗಾಗಿ ತಾಮ್ರದ ಅಯಾನುಗಳನ್ನು ಗುರುತಿಸುವ ಒಂದು ಷಿಫ್ ಬೇಸ್ (ಅಮೀನ್ ಮತ್ತು ಆಲ್ಡಿಹೈಡ್ ಕೂಡಿದಾಗ ಸಿಗುವ) ಅಣುವನ್ನು ತಯಾರಿಸಿದೆ. ತಿಳಿಹಳದಿ ದ್ರಾವಣಕ್ಕೆ ತಾಮ್ರದ ಲವಣದ ಒಂದೇ ಹನಿ ಬಿದ್ದೊಡನೆ ಅದು ಕೆಂಪಾದುದನ್ನು ಕಂಡ ದಿನವೇ, ಇದೇ ಕ್ಷೇತ್ರದಲ್ಲಿ ಪಿಎಚ್.ಡಿ. ಮಾಡಿ ಮುಂದೆ ಪ್ರಾಧ್ಯಾಪಕಳಾಗಬೇಕೆಂಬ ಆಸೆ ಹುಟ್ಟಿತು.

ಆದರೆ ಪ್ರಬಂಧಗಳನ್ನು ಓದುತ್ತ ಹೋದಂತೆ ಗೊಂದಲವೇ ಹೆಚ್ಚಾಯಿತು. ಪಾದರಸ, ತಾಮ್ರ, ಫ್ಲೋರೈಡ್ ಹೀಗೆ ಒಂದೊಂದು ಅಯಾನಿಗೂ ಲೆಕ್ಕವಿಲ್ಲದಷ್ಟು ಸಂವೇದಕಗಳು ವರದಿಯಾಗಿವೆ, ಮತ್ತು ಪ್ರತಿಯೊಂದೂ ಹಿಂದಿನವುಗಳಿಗಿಂತ ತಾನೇ ಮೇಲೆಂದು ಹೇಳಿಕೊಳ್ಳುತ್ತದೆ. ನೀರನ್ನು ಪರೀಕ್ಷಿಸುವ ಪ್ರಯೋಗಾಲಯವೊಂದಕ್ಕೆ ಭೇಟಿ ನೀಡಿದಾಗ ಮಾತ್ರ ಅಲ್ಲಿ ಇವುಗಳಲ್ಲಿ ಒಂದನ್ನೂ ಕಾಣಲಿಲ್ಲ. ಲೋಹಗಳ ಅಳತೆಗೆ ಅವರು ನೆಚ್ಚಿಕೊಂಡಿದ್ದದ್ದು ಐಸಿಪಿ-ಎಂಎಸ್ ಯಂತ್ರವನ್ನು, ಅಂದರೆ ಮಾದರಿಯನ್ನು ಪ್ಲಾಸ್ಮಾದಲ್ಲಿ ಅಯಾನುಗಳಾಗಿಸಿ ದ್ರವ್ಯರಾಶಿಯ ಮೇಲೆ ಗುರುತಿಸುವ ದೊಡ್ಡ ಉಪಕರಣವನ್ನು. ಹಾಗಾದರೆ ಸಂವೇದಕಗಳ ಪ್ರಾಧ್ಯಾಪಕರೆಂದರೆ ಹೊಸ ಅಣುಗಳನ್ನು ತಯಾರಿಸುವವರೋ, ಉಪಕರಣವನ್ನು ಕಟ್ಟುವವರೋ, ಅಥವಾ ಪ್ರಬಂಧಗಳನ್ನಷ್ಟೇ ಬರೆಯುವವರೋ? ಇಡೀ ವೃತ್ತಿಜೀವನವನ್ನು ಇದಕ್ಕೆ ಮೀಸಲಿಟ್ಟವರು ಹಿಂತಿರುಗಿ ನೋಡಿದಾಗ ಏನನ್ನು ಕಾಣುತ್ತಾರೆ? ಅನುಭವವುಳ್ಳವರು ಮುಚ್ಚುಮರೆಯಿಲ್ಲದೆ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ | ಗಾಜಿನ ಪೊರೆ

ನಾನು ಸುಮಾರು ಮೂವತ್ತು ವರ್ಷ ಇದೇ ಕೆಲಸ ಮಾಡಿ ಈಚೆಗೆ ನಿವೃತ್ತನಾದ ಪ್ರಾಧ್ಯಾಪಕ. ನಿಮ್ಮ ಗೊಂದಲ ಸರಿಯಾದ ಜಾಗದಲ್ಲೇ ಹುಟ್ಟಿದೆ ಎಂಬ ಮಾತನ್ನು ಮೊದಲು ಹೇಳಿಬಿಡುತ್ತೇನೆ.

ಸಂವೇದಕಕ್ಕೆ ಎರಡು ಭಾಗಗಳಿರುತ್ತವೆ. ಬೇಕಾದ ಅಣುವನ್ನೋ ಅಯಾನನ್ನೋ ಗುರುತಿಸಿ ಹಿಡಿಯುವ ಗ್ರಾಹಕ ಒಂದು. ಆ ಹಿಡಿತವನ್ನು ಬೆಳಕು, ಬಣ್ಣ, ವಿಭವ ಅಥವಾ ವಿದ್ಯುತ್ಪ್ರವಾಹದ ರೂಪದಲ್ಲಿ ನಮಗೆ ತಿಳಿಸುವ ಸಂಕೇತಭಾಗ ಇನ್ನೊಂದು. ಈ ಕ್ಷೇತ್ರಕ್ಕೆ ಬರುವವರಲ್ಲಿ ಹೆಚ್ಚಿನವರು ಎರಡರಲ್ಲಿ ಯಾವುದಾದರೂ ಒಂದರಲ್ಲಿ ಮಾತ್ರ ಪಳಗಿ ಬಂದಿರುತ್ತಾರೆ. ನಾನು ನಿಮ್ಮಂತೆಯೇ ಸಾವಯವ ಸಂಶ್ಲೇಷಣೆಯ ಕಡೆಯಿಂದ ಬಂದವನಾದ್ದರಿಂದ, ಮೊದಲ ಎಂಟು ಹತ್ತು ವರ್ಷ ಗ್ರಾಹಕವೇ ಸರ್ವಸ್ವ ಎಂದು ನಂಬಿದ್ದೆ. ನಿಜವಾದ ಪಾಠ ಕಲಿಸಿದ್ದು ಮಾದರಿ, ಅಂದರೆ ಪರೀಕ್ಷೆಗೆ ಬರುವ ಆ ನೀರು, ಆ ರಕ್ತ, ಆ ಗಾಳಿ.

ಒಂದು ಪ್ರಸಂಗ ಹೇಳುತ್ತೇನೆ. ಪಾದರಸ ಸೋಕಿದರೆ ಹಸಿರಾಗಿ ಬೆಳಗುವ ಅಣುವೊಂದನ್ನು ನಮ್ಮ ತಂಡ ತಯಾರಿಸಿತ್ತು. ಅಸಿಟೋನೈಟ್ರೈಲ್ ದ್ರಾವಕದಲ್ಲಿ ಪಾದರಸದ ಪರ್ಕ್ಲೋರೇಟ್ ಲವಣವನ್ನು ಬೆರೆಸಿದಾಗ ಅದು ಬೆಳಗಿದ ರೀತಿಗೆ ವಿಭಾಗದವರೆಲ್ಲ ಬಂದು ನೋಡಿ ಹೋದರು. (ಲೋಹಗಳ ಪರ್ಕ್ಲೋರೇಟ್‌ಗಳು ಸಾವಯವ ಅಣುಗಳ ಜೊತೆ ಒಣಗಿದರೆ ಸಿಡಿಯಬಲ್ಲವು, ನಿಮ್ಮ ಪ್ರಯೋಗಾಲಯದಲ್ಲಿ ಅವುಗಳ ಬಳಕೆಯಿದ್ದರೆ ದಯವಿಟ್ಟು ಎಚ್ಚರವಿರಲಿ.) ಪ್ರಬಂಧವೂ ಪ್ರಕಟವಾಯಿತು. ಅದಾದ ಮೇಲೆ ಪರಿಸರ ವಿಜ್ಞಾನದ ಸಹೋದ್ಯೋಗಿಯೊಬ್ಬರು ಕೆರೆಯ ನೀರಿಗೆ ತಾವೇ ಅಳೆದು ಪಾದರಸ ಸೇರಿಸಿದ ಒಂದು ಸೀಸೆಯನ್ನು ನನ್ನ ಮೇಜಿನ ಮೇಲಿಟ್ಟು, "ಇದರಲ್ಲಿ ತೋರಿಸಿ" ಎಂದರು. ಅಣು ಬೆಳಗಲೇ ಇಲ್ಲ. ನೀರಿನಲ್ಲಿದ್ದ ಕ್ಲೋರೈಡ್ ಮತ್ತು ಕೊಳೆತ ಸಸ್ಯಗಳಿಂದ ಬಂದ ಹ್ಯೂಮಿಕ್ ದ್ರವ್ಯ ಪಾದರಸವನ್ನು ಮೊದಲೇ ಬಿಗಿಯಾಗಿ ಹಿಡಿದುಕೊಂಡಿದ್ದವು. ನಮ್ಮ ಅಣುವಿಗೆ ಉಳಿದದ್ದು ಏನೂ ಇರಲಿಲ್ಲ. ಅಸಿಟೋನೈಟ್ರೈಲ್‌ನಲ್ಲಿ ನಾವು ಗೆದ್ದದ್ದು ಎದುರಾಳಿಯೇ ಇಲ್ಲದ ಪಂದ್ಯವನ್ನು. ನೀವು ಓದಿದ ಪ್ರಬಂಧಗಳಲ್ಲಿ ಬಹಳಷ್ಟರ ಕಥೆ ಇದೇ, ಮತ್ತು ಅವುಗಳಲ್ಲಿ ಕೆಲವು ನನ್ನವೂ ಆಗಿವೆ.

ಇದಕ್ಕೆ ಎದುರಾಗಿ ಅಮೆರಿಕದ ಜೀವರಸಾಯನ ವಿಜ್ಞಾನಿ ರೋಜರ್ ಚೆನ್ ಮಾಡಿದ ಕೆಲಸವನ್ನು ನೋಡಿ. ಜೀವಕೋಶದೊಳಗೆ ಮುಕ್ತ ಕ್ಯಾಲ್ಸಿಯಂ ಇರುವುದು ಸುಮಾರು 100 ನ್ಯಾನೋಮೋಲಾರ್ ಪ್ರಮಾಣದಲ್ಲಿ. ಅದೇ ಜಾಗದಲ್ಲಿ ಮೆಗ್ನೀಸಿಯಂ ಅದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚಾಗಿರುತ್ತದೆ. ಅಂಥ ಸಂತೆಯಲ್ಲಿ ಕ್ಯಾಲ್ಸಿಯಂ ಒಂದನ್ನೇ ಆರಿಸಿ ಹಿಡಿಯಬಲ್ಲ ಬ್ಯಾಪ್ಟಾ ಎಂಬ ಅಣುವನ್ನು ಅವರು 1980ರಲ್ಲಿ ಪ್ರಕಟಿಸಿದರು. ಕ್ಯಾಲ್ಸಿಯಂ ಹಿಡಿಯುವ ಹಳೆಯ ಇಜಿಟಿಎ ಅಣುವಿಗೆ ಬೆಂಜೀನ್ ಉಂಗುರಗಳನ್ನು ಜೋಡಿಸಿ, ಜೀವಕೋಶದ ಪಿಎಚ್ ಸ್ವಲ್ಪ ಏರುಪೇರಾದರೂ ಹಿಡಿತ ಬದಲಾಗದಂತೆ ಮಾಡಿದ್ದು ಅದರ ಮುಖ್ಯ ಜಾಣ್ಮೆ. ಆದರೆ ವಿದ್ಯುದಂಶ ಹೊತ್ತ ಆ ಅಣು ಕೋಶದ ಪೊರೆಯನ್ನು ದಾಟುವುದಿಲ್ಲ. ಹಾಗಾಗಿ ಅವರು ಅದನ್ನು ಎಸ್ಟರ್ ಆಗಿ ಮಾರ್ಪಡಿಸಿ ಒಳಗೆ ನುಸುಳುವಂತೆ ಮಾಡಿದರು. ಒಳಗಿನ ಕಿಣ್ವಗಳು ಆ ಎಸ್ಟರನ್ನು ಕತ್ತರಿಸಿದ ಮೇಲೆ ಅಣು ಅಲ್ಲೇ ಉಳಿದುಬಿಡುತ್ತದೆ. 1985ರಲ್ಲಿ ಬಂದ ಫ್ಯೂರಾ-2 ಎಂಬ ಬೆಳಗುವ ಅಣು ಎರಡು ತರಂಗಾಂತರಗಳ ಅನುಪಾತವನ್ನು ಕೊಡುತ್ತಿದ್ದುದರಿಂದ, ಅಣು ಎಷ್ಟು ಒಳಗೆ ಹೋಗಿದೆ ಎಂಬ ಚಿಂತೆಯೂ ತಪ್ಪಿತು. ಮೂರೂ ಹೆಜ್ಜೆಗಳನ್ನು ನಿರ್ಧರಿಸಿದ್ದು ಮಾದರಿಯೇ, ಅಂದರೆ ಜೀವಕೋಶವೇ. ಅವರಿಗೆ 2008ರಲ್ಲಿ ನೊಬೆಲ್ ಬಂದದ್ದು ಹಸಿರು ಪ್ರತಿದೀಪ್ತಿಯ (ಬೆಳಕನ್ನು ಹೀರಿ ಬೇರೆ ಬಣ್ಣದ ಬೆಳಕನ್ನು ಸೂಸುವ) ಪ್ರೋಟೀನಿನ ಕೆಲಸಕ್ಕೆ. ನನ್ನಂಥ ಸಂವೇದಕದವರಿಗೆ ಮಾತ್ರ ಕ್ಯಾಲ್ಸಿಯಂ ಅಣುಗಳೇ ಹೆಚ್ಚು ಪ್ರಿಯ.

ಇನ್ನು ದಿನನಿತ್ಯದ ಕೆಲಸದ ವಿಚಾರ. ಪ್ರಾಧ್ಯಾಪಕನಾದ ಹತ್ತು ವರ್ಷಗಳೊಳಗೆ ನನ್ನ ಕೈಗೂ ಪ್ರಯೋಗಕ್ಕೂ ಸಂಬಂಧ ತಪ್ಪಿಹೋಯಿತು. ಆಮೇಲಿನ ಮುಖ್ಯ ಕೆಲಸ ಇತರರ ಅಳತೆಯ ನಕ್ಷೆಗಳನ್ನು ಓದುವುದು, ಅಂದರೆ ಅನುಮಾನಿಸುವುದು. ಒಮ್ಮೆ ವಿದ್ಯಾರ್ಥಿಯೊಬ್ಬ 397 ನ್ಯಾನೋಮೀಟರ್‌ನಲ್ಲಿ ಹೊಸ ಪ್ರತಿದೀಪ್ತಿ ಶಿಖರ ಸಿಕ್ಕಿದೆಯೆಂದು ಸಂಭ್ರಮದಿಂದ ಬಂದ. ಅವನು ಅಣುವನ್ನು ಉದ್ದೀಪಿಸಿದ್ದು 350ರಲ್ಲಿ. 360ಕ್ಕೆ ಬದಲಾಯಿಸಿ ನೋಡು ಎಂದೆ. ಶಿಖರ 410ಕ್ಕೆ ಸರಿಯಿತು. ಅಣುವಿನ ನಿಜವಾದ ಪ್ರತಿದೀಪ್ತಿ ಹಾಗೆ ಬೆನ್ನಟ್ಟಿಕೊಂಡು ಬರುವುದಿಲ್ಲ; ಅದು ನೀರಿನ ರಾಮನ್ ಚದುರಿಕೆ, ಅಂದರೆ ನೀರಿನ ಅಣುಗಳಿಗೆ ಬಡಿದು ತರಂಗಾಂತರ ಬದಲಿಸಿಕೊಂಡ ಬೆಳಕು. ಬರೀ ನೀರನ್ನು ಇಟ್ಟು ಅಳೆದಾಗಲೂ ಅದೇ ಶಿಖರ ಬಂತು. ಅವನ ಮುಖ ಬಾಡಿತು, ಆದರೆ ಆ ದಿನದಿಂದ ಅವನು ಅಣುವನ್ನು ಸೇರಿಸದ ಖಾಲಿ ದ್ರಾವಣವನ್ನು ಮೊದಲು ಅಳೆಯದೆ ಯಾವ ನಕ್ಷೆಯನ್ನೂ ನನಗೆ ತೋರಿಸಲಿಲ್ಲ. ನನ್ನ ವೃತ್ತಿಜೀವನದ ಹೆಚ್ಚಿನ ಮಧ್ಯಾಹ್ನಗಳು ಕಳೆದದ್ದು ಇಂಥ ಕೆಲಸದಲ್ಲಿಯೇ.

ಉತ್ತರ | ಎರಡು ಮಿಲಿವೋಲ್ಟ್

ಮೇಲಿನ ಹಿರಿಯರ ಮಾತಿಗೆ ನನ್ನ ಸಹಮತವಿದೆ; ಆದರೆ ಅವರು ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ್ದಾರೆ. ರಕ್ತ ಪರೀಕ್ಷೆಯ ಉಪಕರಣಗಳನ್ನು ತಯಾರಿಸುವ ಸಂಸ್ಥೆಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಅಯಾನು ಆಯ್ಕೆಯ ವಿದ್ಯುದ್ವಾರಗಳ (ಒಂದು ಅಯಾನಿನ ಪ್ರಮಾಣವನ್ನು ವಿಭವದ ರೂಪದಲ್ಲಿ ತೋರಿಸುವಂಥವುಗಳ) ಕೆಲಸ ಮಾಡುತ್ತಿರುವವನು ನಾನು. ಪ್ರಾಧ್ಯಾಪಕರ ಕೆಲಸ ಮುಗಿಯಿತು ಎನ್ನುವ ಕಡೆ ನಮ್ಮ ಕೆಲಸ ಶುರುವಾಗುತ್ತದೆ.

ಪೊಟ್ಯಾಸಿಯಂ ಉದಾಹರಣೆಯನ್ನೇ ತೆಗೆದುಕೊಳ್ಳಿ. ವ್ಯಾಲಿನೋಮೈಸಿನ್ ಎಂಬ ಪ್ರತಿಜೀವಕ ಪೊಟ್ಯಾಸಿಯಂ ಅಯಾನನ್ನು ಸೋಡಿಯಂಗಿಂತ ಸುಮಾರು ಹತ್ತು ಸಾವಿರ ಪಟ್ಟು ಒಲವಿನಿಂದ ಹಿಡಿಯುತ್ತದೆ. ಜ್ಯೂರಿಕ್‌ನ ಇಟಿಎಚ್‌ನಲ್ಲಿ ವಿಲ್ಹೆಲ್ಮ್ ಸೈಮನ್ ಅವರ ತಂಡ 1960ರ ದಶಕದಲ್ಲಿ ಅದನ್ನು ವಿದ್ಯುದ್ವಾರದ ಕೆಲಸಕ್ಕೆ ಹಚ್ಚಿತು. ಗ್ರಾಹಕದ ಸಮಸ್ಯೆ ಅಂದಿಗೇ ಬಹುಮಟ್ಟಿಗೆ ಬಗೆಹರಿಯಿತು ಎನ್ನಬಹುದು. ಹಾಗಿದ್ದರೆ ನನಗೆ ಇಂದಿಗೂ ಸಂಬಳ ಕೊಡುತ್ತಿರುವುದೇಕೆ?

ಆರೋಗ್ಯವಂತರ ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ ಸುಮಾರು 3.5ರಿಂದ 5.0 ಮಿಲಿಮೋಲ್ ಇರುತ್ತದೆ. ನರ್ನ್ಸ್ಟ್ ಸಮೀಕರಣದ ಪ್ರಕಾರ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಂಥ ಅಯಾನಿನ ಪ್ರಮಾಣ ಹತ್ತು ಪಟ್ಟು ಏರಿದರೆ ವಿಭವ ಬದಲಾಗುವುದು ಸುಮಾರು 59 ಮಿಲಿವೋಲ್ಟ್ ಮಾತ್ರ. ಲೆಕ್ಕ ಹಾಕಿ ನೋಡಿ: 3.5ರಿಂದ 5.0ರವರೆಗಿನ ಇಡೀ ವ್ಯಾಪ್ತಿ ಕೇವಲ 9 ಮಿಲಿವೋಲ್ಟ್‌ಗಳೊಳಗೆ ಅಡಗಿದೆ. ವಿದ್ಯುದ್ವಾರ ಎರಡು ಮಿಲಿವೋಲ್ಟ್‌ನಷ್ಟು ಜಾರಿದರೆ ಫಲಿತಾಂಶದಲ್ಲಿ ಶೇಕಡಾ 8ರಷ್ಟು ತಪ್ಪು. ಪಿವಿಸಿ ಪೊರೆಯಿಂದ ಮೃದುಕಾರಕವೂ ಗ್ರಾಹಕವೂ ದಿನೇದಿನೇ ಸೋರಿಹೋಗುತ್ತವೆ. ಹೋಲಿಕೆಗೆಂದು ಇಡುವ ಉಲ್ಲೇಖ ವಿದ್ಯುದ್ವಾರದ ಸಂಧಿಯಲ್ಲಿ ರಕ್ತದ ಪ್ರೋಟೀನು ಕಟ್ಟಿಕೊಳ್ಳುತ್ತದೆ. ತಾಪ ಅರ್ಧ ಡಿಗ್ರಿ ಅಲ್ಲಾಡುತ್ತದೆ. ಒಂದು ಸಲ ಪೊಟ್ಯಾಸಿಯಂ ಫಲಿತಾಂಶಗಳು ಕಾರಣವಿಲ್ಲದೆ ಮೇಲೇರುತ್ತಿವೆ ಎಂಬ ದೂರು ಬಂದು, ನಾವು ಮೂರು ವಾರ ಪೊರೆಯನ್ನು ಶಪಿಸಿದೆವು. ಕೊನೆಗೆ ತಿಳಿದದ್ದು, ರಕ್ತ ತೆಗೆಯುವಾಗಲೇ ಕೆಂಪು ಕಣಗಳು ಒಡೆದು ಅವುಗಳೊಳಗಿನ ಪೊಟ್ಯಾಸಿಯಂ ಹೊರಬರುತ್ತಿತ್ತು. ಸಂವೇದಕ ಸತ್ಯವನ್ನೇ ಹೇಳಿತ್ತು.

ಈ ತಾಳ್ಮೆ ಎಷ್ಟು ಬೇಕಾಗುತ್ತದೆ ಎನ್ನುವುದಕ್ಕೆ ಗ್ಲೂಕೋಸ್ ಮೀಟರಿನ ಕಥೆಯೇ ಸಾಕು. ಅಮೆರಿಕದ ವಿಜ್ಞಾನಿ ಲೆಲ್ಯಾಂಡ್ ಕ್ಲಾರ್ಕ್ ತಮ್ಮ ಆಮ್ಲಜನಕದ ವಿದ್ಯುದ್ವಾರದ ಮೇಲೆ ಗ್ಲೂಕೋಸ್ ಆಕ್ಸಿಡೇಸ್ ಕಿಣ್ವವನ್ನು ಕೂರಿಸುವ ವಿಚಾರವನ್ನು ಚಾಂಪ್ ಲಯನ್ಸ್ ಜೊತೆ ಮಂಡಿಸಿದ್ದು 1962ರಲ್ಲಿ. ಆ ವಿಧಾನ ಮಾದರಿಯಲ್ಲಿ ಕರಗಿರುವ ಆಮ್ಲಜನಕವನ್ನು ಅವಲಂಬಿಸಿತ್ತು, ಆ ಆಮ್ಲಜನಕವೋ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಆಮ್ಲಜನಕದ ಬದಲು ಫೆರೋಸೀನ್ ಅಣುವೇ ಕಿಣ್ವದಿಂದ ಎಲೆಕ್ಟ್ರಾನನ್ನು ಪಡೆದು ವಿದ್ಯುದ್ವಾರಕ್ಕೆ ಮುಟ್ಟಿಸಬಲ್ಲದು ಎಂಬ ಪ್ರಬಂಧ ಬಂದದ್ದು 1984ರಲ್ಲಿ; ಆ ತತ್ತ್ವದ ಮೇಲೆ ಪೆನ್ನಿನಂಥ ಮೀಟರು ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ನಡುವೆ ಕಾಲು ಶತಮಾನ. ಒಬ್ಬ ಪ್ರಾಧ್ಯಾಪಕರು ನೇಮಕವಾಗಿ ನಿವೃತ್ತಿಯ ಹತ್ತಿರ ಬರುವಷ್ಟು ಕಾಲ.

ಈ ತರುಣಿಗೆ ನನ್ನ ಸಲಹೆ: ಪಿಎಚ್.ಡಿ. ಮುಗಿದ ಮೇಲೆ ಎರಡು ವರ್ಷವಾದರೂ ಉಪಕರಣ ತಯಾರಿಸುವ ಕಡೆ ಕೆಲಸ ಮಾಡಿ, ಆಮೇಲೆ ಪ್ರಾಧ್ಯಾಪಕರಾಗಿ.

ಉತ್ತರ | ಮೂರನೆಯ ವರ್ಷ

ಹಿರಿಯರಿಬ್ಬರೂ ಕ್ಷಮಿಸಬೇಕು, ಇಬ್ಬರ ಮಾತೂ ದಡ ಸೇರಿದವರ ಮಾತಿನಂತಿದೆ. ನಾನು ಸಹಾಯಕ ಪ್ರಾಧ್ಯಾಪಕಿಯಾಗಿ ಮೂರನೆಯ ವರ್ಷದಲ್ಲಿದ್ದೇನೆ. ಎರಡು ವರ್ಷ ಉದ್ಯಮದಲ್ಲಿದ್ದು ಬನ್ನಿ ಎನ್ನುವುದು ಸುಲಭ. ಆ ಎರಡು ವರ್ಷ ಪ್ರಬಂಧಗಳಿಲ್ಲದೆ ಹೋದರೆ ನೇಮಕಾತಿ ಸಮಿತಿಯವರು ಮೊದಲು ಕೇಳುವ ಪ್ರಶ್ನೆಯೇ ಅದಾಗಿರುತ್ತದೆ. ಅಷ್ಟು ಸಮಯವನ್ನು ಕೊಡಬಹುದೆಂಬ ಖಾತರಿಯಿಲ್ಲದವರು, ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ಸಂಶೋಧನೆ) ಅವಧಿಯಲ್ಲಿ ತಮಗೆ ಬಾರದ ಇನ್ನೊಂದು ಅರ್ಧವನ್ನು ಕಲಿಯುವುದು ಹೆಚ್ಚು ಕ್ಷೇಮ. ನಾನು ಸಂಶ್ಲೇಷಣೆಯಲ್ಲಿ ಪಿಎಚ್.ಡಿ. ಮಾಡಿ, ಪೋಸ್ಟ್‌ಡಾಕ್‌ಗೆ ಬೇಕೆಂದೇ ವಿದ್ಯುದ್ರಸಾಯನದ ಪ್ರಯೋಗಾಲಯಕ್ಕೆ ಹೋದೆ. ಮೊದಲ ನಾಲ್ಕು ತಿಂಗಳು ಅಲ್ಲಿ ನಾನೇ ಎಲ್ಲರಿಗಿಂತ ದಡ್ಡಿಯಾಗಿದ್ದೆ. ಇಂದು ನನ್ನ ಪ್ರಯೋಗಾಲಯ ನಡೆಯುತ್ತಿರುವುದು ಆ ದಡ್ಡತನದ ಫಲದಿಂದ.

ಹೊಸದಾಗಿ ಸೇರಿದವರ ಬದುಕಿನಲ್ಲಿ ಸಂವೇದಕಕ್ಕೆ ಸಿಗುವ ಸಮಯ ಎಷ್ಟೆಂಬುದನ್ನೂ ಹೇಳಬೇಕು. ವಾರದ ಮೂರು ದಿನ ಪಾಠ, ಅದರ ಸಿದ್ಧತೆ ಮತ್ತು ಉತ್ತರ ಪತ್ರಿಕೆಗಳು. ಪ್ರತಿದೀಪ್ತಿ ಅಳೆಯುವ ಸ್ಪೆಕ್ಟ್ರೋಫ್ಲೋರೋಮೀಟರು ಬಂದು ತಲುಪಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಅಲ್ಲಿಯವರೆಗೆ ಪಕ್ಕದ ವಿಭಾಗದ ಯಂತ್ರವನ್ನು ಸಂಜೆ ಆರರ ನಂತರ ಬಳಸಿಕೊಂಡೆವು. ಅನುದಾನದ ಅರ್ಜಿ ಎರಡು ಸಲ ತಿರಸ್ಕೃತವಾಗಿ ಮೂರನೆಯ ಸಲ ಮಂಜೂರಾಯಿತು. ಈ ಮೂರು ವರ್ಷಗಳಲ್ಲಿ ನಾನೇ ಕೈಯಾರೆ ಅಳೆದ ದ್ರಾವಣಗಳನ್ನು ಬೆರಳಲ್ಲಿ ಎಣಿಸಬಹುದು.

ಇನ್ನೊಂದು ಬೇಸರವನ್ನೂ ಹೇಳಿಬಿಡುತ್ತೇನೆ. ಹಿರಿಯರು ಹೇಳಿದಂತೆಯೇ ನಾವು ಅಣುವನ್ನು ನೇರವಾಗಿ ನೈಜ ನೀರಿನಲ್ಲಿ ಪರೀಕ್ಷಿಸಿ, ಎಲ್ಲಿ ಸೋತಿತು ಎನ್ನುವುದನ್ನೂ ಪ್ರಾಮಾಣಿಕವಾಗಿ ಬರೆದೆವು. ಪತ್ರಿಕೆಯೊಂದರ ವಿಮರ್ಶಕರು, ಪತ್ತೆಯ ಮಿತಿ (ಗುರುತಿಸಬಲ್ಲ ಅತಿ ಕಡಿಮೆ ಪ್ರಮಾಣ) ಹಿಂದಿನ ವರದಿಗಳಿಗಿಂತ ಕಡಿಮೆಯಿಲ್ಲವಾದ್ದರಿಂದ ಇದರಲ್ಲಿ ಹೊಸತನವಿಲ್ಲ ಎಂದು ಹಿಂದಿರುಗಿಸಿದರು. ಆ ಹಿಂದಿನ ವರದಿಗಳೆಲ್ಲ ಶುದ್ಧ ದ್ರಾವಕದಲ್ಲಿ ನಡೆದವು ಎಂಬುದನ್ನು ಅವರು ಗಮನಿಸಿದಂತೆ ಕಾಣಲಿಲ್ಲ. ಅದೇ ಕೆಲಸ ಬೇರೊಂದು ಪತ್ರಿಕೆಯಲ್ಲಿ ಒಂಬತ್ತು ತಿಂಗಳ ನಂತರ ಬಂತು. ಅಷ್ಟರಲ್ಲಿ ನನ್ನ ಮೊದಲ ವಿದ್ಯಾರ್ಥಿನಿಯ ಅರ್ಧ ಧೈರ್ಯ ಹೋಗಿತ್ತು.

ಪ್ರತಿಕ್ರಿಯೆ | ಒಂದು ಹನಿ ತಾಮ್ರ

ಮೂವರಿಗೂ ಮನಃಪೂರ್ವಕ ವಂದನೆಗಳು. ಈ ಉತ್ತರಗಳನ್ನು ಓದಿದ ಮೇಲೆ ನನ್ನ ತಾಮ್ರದ ಅಣುವನ್ನು ನಲ್ಲಿಯ ನೀರಿನಲ್ಲಿ ಹಾಕಿ ನೋಡಿದೆ. ಅಣು ಕರಗಲೇ ಇಲ್ಲ. ದ್ರಾವಣ ಮಬ್ಬಾಗಿ, ತಳದಲ್ಲಿ ಹಳದಿ ಪುಡಿ ಕೂತಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇನ್ನೊಂದು ಸಂದೇಹ ಉಳಿದಿದೆ. ಒಂದೇ ಅಯಾನನ್ನೋ ಒಂದೇ ಮಾದರಿಯನ್ನೋ ಹಿಡಿದು ವರ್ಷಗಟ್ಟಲೆ ದುಡಿದರೆ, ಆ ಸಮಸ್ಯೆಯನ್ನು ಬೇರೆ ಯಾರೋ ಬಗೆಹರಿಸಿದ ದಿನ ಪ್ರಾಧ್ಯಾಪಕರ ಕೈ ಬರಿದಾಗುವುದಿಲ್ಲವೇ?

ಉತ್ತರ | ಗಾಜಿನ ಪೊರೆ

ಆ ಹಳದಿ ಪುಡಿಯನ್ನು ಕಂಡದ್ದು ಒಳ್ಳೆಯದೇ ಆಯಿತು. ನಾನು ಅದನ್ನು ಕಾಣಲು ಎಂಟು ವರ್ಷ ತೆಗೆದುಕೊಂಡೆ. ಮುಂದಿನ ಹೆಜ್ಜೆಯಾಗಿ ಅದೇ ಅಣುವಿಗೆ ಒಂದು ಸಲ್ಫೊನೇಟ್ ಗುಂಪನ್ನು ಸೇರಿಸಿ ನೋಡಿ, ನೀರಿಗೆ ಒಗ್ಗಬಹುದು. ಷಿಫ್ ಬೇಸ್ ನೀರಿನಲ್ಲಿ ನಿಧಾನವಾಗಿ ಒಡೆಯುವ ಸಂಭವವೂ ಇದೆ, ಆದ್ದರಿಂದ ಮರುದಿನ ಮತ್ತೊಮ್ಮೆ ಅಳೆಯುವುದನ್ನು ಮರೆಯಬೇಡಿ.

ಕೈ ಬರಿದಾಗುವ ವಿಚಾರಕ್ಕೆ ಬರುತ್ತೇನೆ. ಉಳಿಯುವುದು ಅಯಾನಲ್ಲ, ಸಂಕೇತವನ್ನು ಪಡೆಯುವ ಉಪಾಯ. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿದ್ದ ಶ್ರೀಲಂಕಾ ಮೂಲದ ಪ್ರಸನ್ನ ಡಿ ಸಿಲ್ವ ಅವರದ್ದು ನನಗೆ ತುಂಬ ಮೆಚ್ಚಿಗೆಯಾದ ದಾರಿ. ಬೆಳಗುವ ಭಾಗ, ನಡುವೆ ಒಂದು ಸಣ್ಣ ಕೊಂಡಿ, ಅದರಾಚೆ ಗ್ರಾಹಕ ಎಂಬುದು ಅವರ ವಿನ್ಯಾಸ. ಗ್ರಾಹಕ ಖಾಲಿಯಿದ್ದಾಗ ಅದರ ಎಲೆಕ್ಟ್ರಾನು ಹಾರಿಬಂದು ಬೆಳಕನ್ನು ನಂದಿಸುತ್ತದೆ. ಅಯಾನು ಬಂದು ಕೂತರೆ ಆ ಹಾರಾಟ ನಿಂತು ಅಣು ಬೆಳಗುತ್ತದೆ. ಇದೇ ತತ್ತ್ವದ ಸಂವೇದಕಗಳು ರಕ್ತದ ಸೋಡಿಯಂ ಅಳೆಯುವ ಉಪಕರಣಗಳಿಗೂ ಹೋದವು. ಎರಡು ಗ್ರಾಹಕಗಳನ್ನು ಜೋಡಿಸಿ, ಎರಡೂ ತುಂಬಿದಾಗ ಮಾತ್ರ ಬೆಳಗುವ ಅಣುವನ್ನು ಮಾಡಿ, ಅಣುಗಳಿಂದ ತರ್ಕದ ಲೆಕ್ಕ ಮಾಡಬಹುದೆಂದು 1993ರಲ್ಲಿ ಅವರೇ ತೋರಿಸಿಕೊಟ್ಟರು. ಸಂವೇದಕದಿಂದ ಹೊರಟು ಗಣನೆಯವರೆಗೆ ಹೋದರೂ ಕೈಯಲ್ಲಿದ್ದದ್ದು ಅದೇ ಉಪಾಯ.

ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿದ್ದ ಡೇವಿಡ್ ವಾಲ್ಟ್ ದ್ಯುತಿತಂತುವಿನ, ಅಂದರೆ ಬೆಳಕನ್ನು ಒಯ್ಯುವ ಗಾಜಿನ ಎಳೆಯ, ತುದಿಯಲ್ಲಿ ಸಂವೇದಕಗಳನ್ನು ಕೂರಿಸುತ್ತಿದ್ದವರು. ತಂತುಗಳ ಕಟ್ಟಿನ ತುದಿಯನ್ನು ಆಮ್ಲದಿಂದ ಕೊರೆದರೆ ಸಾವಿರಾರು ಸೂಕ್ಷ್ಮ ಗುಳಿಗಳಾಗುತ್ತವೆ, ಪ್ರತಿ ಗುಳಿಯಲ್ಲೂ ಒಂದೊಂದು ಮಣಿ ಕೂರುತ್ತದೆ ಎಂಬುದು ಅವರ ಪ್ರಯೋಗಾಲಯದ ಕೆಲಸ. ಆ ಮಣಿಗಳ ಮೇಲೆ ಡಿಎನ್‌ಎ ಎಳೆಗಳನ್ನು ಅಂಟಿಸಬಹುದು ಎಂಬ ಯೋಚನೆಯಿಂದ 1998ರಲ್ಲಿ, ಇಂದು ಡಿಎನ್‌ಎ ಓದುವ ಯಂತ್ರಗಳಿಗೆ ಹೆಸರಾದ ಇಲ್ಲುಮಿನಾ ಕಂಪನಿ ಹುಟ್ಟಿತು. ಇನ್ನೊಂದು ಕಡೆ, ಇಲಿನಾಯ್‌ನಲ್ಲಿ ಕೆನೆತ್ ಸಸ್ಲಿಕ್ ಒಂದೇ ಅಣುವನ್ನು ಹಿಡಿಯುವ ಗ್ರಾಹಕದ ಹಟವನ್ನೇ ಬಿಟ್ಟು, ಪಾರ್ಫಿರಿನ್ ಬಣ್ಣಗಳ ಚುಕ್ಕಿಗಳನ್ನು ಸಾಲಾಗಿ ಇಟ್ಟು, ಎಲ್ಲ ಚುಕ್ಕಿಗಳ ಬಣ್ಣ ಒಟ್ಟಾಗಿ ಬದಲಾಗುವ ಚಿತ್ರದಿಂದಲೇ ವಾಸನೆಯನ್ನು ಗುರುತಿಸಬಹುದೆಂದು 2000ದಲ್ಲಿ ತೋರಿಸಿದರು. ನಾನು ಹೇಳಿದ, ಒಂದನ್ನೇ ಆರಿಸಿ ಹಿಡಿಯುವ ಗುಣದ ಪಾಠವನ್ನೇ ಇದು ತಲೆಕೆಳಗು ಮಾಡುತ್ತದೆ, ಅದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಮಾರ್ಗದರ್ಶಕರನ್ನು ಹುಡುಕುವಾಗ ಅವರ ಪ್ರಬಂಧಗಳ ಸಂಖ್ಯೆಯನ್ನು ಎಣಿಸುವ ಬದಲು ಪ್ರಯೋಗಾಲಯಕ್ಕೆ ಒಮ್ಮೆ ಹೋಗಿ, ಅಲ್ಲಿನ ವಿದ್ಯಾರ್ಥಿಯೊಬ್ಬರನ್ನು ಎರಡು ಪ್ರಶ್ನೆ ಕೇಳಿ. ನಿಮ್ಮ ಸಂವೇದಕವನ್ನು ಕಳೆದ ತಿಂಗಳು ಯಾವ ಮಾದರಿಯಲ್ಲಿ ಹಾಕಿ ನೋಡಿದಿರಿ? ಖಾಲಿ ದ್ರಾವಣವನ್ನು ಎಷ್ಟು ಸಲ ಅಳೆದಿರಿ?

ಪ್ರತಿಕ್ರಿಯೆ | ಎರಡು ಮಿಲಿವೋಲ್ಟ್

ಮೂರನೆಯ ಪ್ರಶ್ನೆಯನ್ನೂ ಸೇರಿಸಿಕೊಳ್ಳಿ: ಅದೇ ಸಂವೇದಕವನ್ನು ಮೂವತ್ತು ದಿನಗಳ ನಂತರ ಮತ್ತೆ ಅಳೆದಾಗ ಎಷ್ಟು ಬಂತು? ಮೂರನೆಯ ವರ್ಷದವರ ಮಾತಿನಿಂದ ನನ್ನ ಸಲಹೆಯನ್ನು ತಿದ್ದಿಕೊಂಡಿದ್ದೇನೆ. ಎರಡು ವರ್ಷ ಬರಲಾಗದಿದ್ದರೆ ಪಿಎಚ್.ಡಿ. ನಡುವೆ ಎರಡು ತಿಂಗಳಾದರೂ ಬನ್ನಿ. ಸೋರುವ ಪೊರೆಗಳನ್ನು ತೋರಿಸಲು ನಮ್ಮಲ್ಲಿ ಯಾವತ್ತೂ ಕೊರತೆಯಿಲ್ಲ.

ಪ್ರತಿಕ್ರಿಯೆ | ಒಂದು ಹನಿ ತಾಮ್ರ

ಮುಂದಿನ ವಾರ ಎರಡು ಪ್ರಯೋಗಾಲಯಗಳಿಗೆ ಹೋಗುವುದಿದೆ. ಮೂರೂ ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದೇನೆ. ಷಿಫ್ ಬೇಸಿನ ಮರುದಿನದ ಅಳತೆಯೂ ಆಯಿತು: ಬಣ್ಣ ಅರ್ಧಕ್ಕಿಂತ ಹೆಚ್ಚು ಮಾಸಿತ್ತು.